ಒರೆ ಎಂಬ ಮನೆತನದ ಹೆಸರು

ಕನ್ನಡಕದಂಗಡಿಯ ಒರೆ ತೀರಿಕೊಂಡ. ಸೋಮವಾರ ಬೆಳಿಗ್ಗೆ, ಮಗಳು ಬಾಡಿಗೆಗಿರುವ ಕಟ್ಟಡದ ಮೆಟ್ಟಿಲ ಮೇಲೆ, ಕೂತಲ್ಲೇ ಹೋದ. ಹೃದಯ ನಿಂತಿತು ಎಂದರು ಡಾಕ್ಟರು. ಅರವತ್ತು ದಾಟಿತ್ತು.

ಒರೆ ಎಂಬುದು ಅವನಿಗೆ ಇಟ್ಟ ಹೆಸರಲ್ಲ, ಮನೆತನದ ಹೆಸರು. ಹುಟ್ಟಿದಾಗ ಇಟ್ಟದ್ದೊಂದಿತ್ತು, ಅದನ್ನು ಹಿಡಿದು ಕರೆಯುತ್ತಿದ್ದವಳು ಹೆಂಡತಿ. ಅವಳು ಹೋದ ಮೇಲೆ ಅದು ಯಾರ ಬಾಯಲ್ಲೂ ಉಳಿಯಲಿಲ್ಲ. ಅಂಗಡಿಯ ಯಜಮಾನರಿಗೆ ಅವನು ಒರೆ, ಗಿರಾಕಿಗಳಿಗೆ ಒರೆಯವರು, ಊರಿನ ಮಿಕ್ಕವರಿಗೆ ‘ಆ ಒರೆ’. ಆ ಒಂದು ‘ಆ’ದಲ್ಲಿ ಏನಿತ್ತೆಂದು ಹೇಳದೆ ಅವನ ಬಗ್ಗೆ ಬರೆಯಲಾಗದು.

ಕೆಲಸ ಗಾಜು ಉಜ್ಜುವುದು. ಅಂಗಡಿಯ ಮುಂಭಾಗದಲ್ಲಿ ಕನ್ನಡಿ, ದೀಪ, ಸಾಲುಸಾಲು ಫ್ರೇಮುಗಳು. ಪರದೆ ಸರಿಸಿದರೆ ಹಿಂದೆ ಒಂದು ಗೂಡು. ಎರಡು ಕೈ ಚಾಚಿದರೆ ಎರಡೂ ಗೋಡೆ ತಾಕುತ್ತಿದ್ದವು. ಅಲ್ಲೊಂದು ಸಾಣೆಚಕ್ರ, ಅದರ ಮೇಲೆ ತೊಟ್ಟಿಕ್ಕುವ ನೀರು, ಕೆಳಗಿನ ತಟ್ಟೆಯಲ್ಲಿ ಬೂದಿಬಣ್ಣದ ಕೆಸರು. ದುಂಡನೆಯ ಗಾಜನ್ನು ಫ್ರೇಮಿನ ಆಕಾರಕ್ಕೆ ತರುವುದು, ಅಂಚು ಸವರುವುದು, ಕೂರಿಸಿ ಸ್ಕ್ರೂ ಬಿಗಿಯುವುದು, ಒರೆಸುವುದು, ದೀಪಕ್ಕೆ ಹಿಡಿದು ನೋಡುವುದು, ಸಮಾಧಾನವಾಗದೆ ಮತ್ತೆ ಒರೆಸುವುದು. ಇದೇ ಅವನ ದಿನ. ಬೆರಳ ತುದಿಗಳು ಎಷ್ಟು ಸವೆದಿದ್ದವೆಂದರೆ, ಬಸ್ಸಿನಲ್ಲಿ ಚೀಟಿ ಕೊಟ್ಟರೆ ಜಾರಿ ಬೀಳುತ್ತಿತ್ತು.

ಯಜಮಾನರು ನಗೆಗಾರರು. ಹೊಸ ಗಿರಾಕಿ ಬಂದರೆ ಪರದೆಯ ಕಡೆ ಕೈ ತೋರಿಸಿ ಶುರುಮಾಡುತ್ತಿದ್ದರು. “ಎಲ್ಲರೂ ಹೊಟ್ಟೆಪಾಡಿಗೆ ದುಡೀತಾರೆ, ಇವನು ಹೆಸರಿಗೋಸ್ಕರ ದುಡೀತಾನೆ ನೋಡಿ. ಒರೆ ಹಚ್ಚೋನು ಇವನೇ, ಒರೆಸೋನು ಇವನೇ, ಕೊನೆಗೆ ಒರೆಗೆ ಹಾಕಿ ಕೊಡೋನೂ ಇವನೇ!” ಕನ್ನಡಕದ ಡಬ್ಬಿಗೆ ಅವರು ಒರೆ ಎನ್ನುತ್ತಿದ್ದುದು ಈ ಒಂದು ತಮಾಷೆಗಾಗಿ. ಪರದೆಯ ಹಿಂದಿನಿಂದ ಅವನೂ ನಗುತ್ತಿದ್ದ. ಮೂರು ಅರ್ಥಕ್ಕೆ ನಿಲ್ಲಿಸಿದರಲ್ಲ, ನಾಲ್ಕನೆಯದರ ತಂಟೆಗೆ ಹೋಗಲಿಲ್ಲವಲ್ಲ ಎಂಬ ಸಮಾಧಾನದ ನಗು ಅದು.

ನಾಲ್ಕನೆಯದು ಊರಿನ ಮಾತು. ಆ ಊರಿನಲ್ಲಿ ಚಾಡಿ ಹೇಳುವುದಕ್ಕೆ ‘ಒರೆಯುವುದು’ ಎನ್ನುತ್ತಿದ್ದರು. ಶಾಲೆಯ ಮಕ್ಕಳು “ಟೀಚರ್ ಹತ್ರ ಒರೆದ್ರೆ ನೋಡು ಮತ್ತೆ” ಎಂದು ಹೆದರಿಸಿಕೊಳ್ಳುತ್ತಿದ್ದರು. ಗಂಡ ಸಿಗರೇಟು ಸೇದಿದ್ದನ್ನು ನೆರೆಮನೆಯವಳು ಹೆಂಡತಿಗೆ ಒರೆಯುತ್ತಿದ್ದಳು. ಮಾತು ಎಲ್ಲಿಂದ ಬಂತೆಂದು ಹಿರಿಯರಿಗೆ ಗೊತ್ತಿತ್ತು. ಕಿರಿಯರಿಗೆ ಅದು ಬೇಕಿರಲಿಲ್ಲ, ಮಾತು ಸಾಕಿತ್ತು.

ಬಂದದ್ದು ಅವನ ಅಪ್ಪನಿಂದ. ಅಪ್ಪ ಬಟ್ಟೆ ಗಿರಣಿಯ ಗೇಟಿನಲ್ಲಿ ಹಾಜರಿ ಗುಮಾಸ್ತ. ಒಳಗೆ ಹೋಗುವ, ಹೊರಗೆ ಬರುವ ಪ್ರತಿಯೊಂದು ಮುಖವೂ ಅವರಿಗೆ ಗೊತ್ತು. ದೊಡ್ಡ ಮುಷ್ಕರದ ವರ್ಷ, ಒಂದು ಸಂಜೆ, ಯಾರೋ ಕೆಲವರು ಒಳಗೆ ನುಗ್ಗಿ ಯಂತ್ರಗಳ ಬೆಲ್ಟುಗಳನ್ನು ಕೊಯ್ದು ಹಾಕಿದರು. ಮರುದಿನ ಪೊಲೀಸರು ನೇರವಾಗಿ ಅವರವರ ಮನೆಗಳಿಗೇ ಹೋದರು, ಒಂದು ಬಾಗಿಲನ್ನೂ ತಪ್ಪಾಗಿ ತಟ್ಟಲಿಲ್ಲ. ಹಿಡಿದವರಲ್ಲಿ ಒಬ್ಬ ಜೈಲಿನೊಳಗೇ ಕೆಮ್ಮಿ ಕೆಮ್ಮಿ ಸತ್ತ. ಹೆಸರು ಕೊಟ್ಟವರು ಯಾರು ಎಂದು ಊರು ಕೇಳಿತು. ತಾನೇ ಉತ್ತರವನ್ನೂ ಕೊಟ್ಟುಕೊಂಡಿತು. ಗೇಟಿನಲ್ಲಿ ಕೂತವನು ಬಿಟ್ಟರೆ ಇನ್ಯಾರು?

ಅಪ್ಪ ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. ಕೆಲಸ ಬಿಟ್ಟು ಒಂದು ಗೋದಾಮಿಗೆ ಸೇರಿದರು, ಮನೆಗೆ ಬಂದು ಗೋಡೆ ನೋಡುತ್ತ ಉಂಡರು, ಮಗನಿಗೆ ಮೀಸೆ ಮೂಡುವ ಹೊತ್ತಿಗೆ ಸತ್ತರು. ಅಮ್ಮ ಮಾತ್ರ ಕೊನೆಯವರೆಗೂ ಒಂದೇ ಮಾತು ಹಿಡಿದಿದ್ದಳು: “ನಿಮ್ಮಪ್ಪ ಮಾತಾಡೋ ಮನುಷ್ಯನೇನೋ? ಊಟಕ್ಕೆ ಉಪ್ಪು ಕಮ್ಮಿ ಅಂತ ನನಗೇ ಒಂದು ದಿನ ಹೇಳಿದವರಲ್ಲ, ಪೊಲೀಸ್ರಿಗೆ ಹೇಳ್ತಾರಾ?”

ಹೀಗಾಗಿ ಅವನು ಹೋದಲ್ಲೆಲ್ಲ ಮಾತು ನಿಲ್ಲುತ್ತಿತ್ತು. ಕ್ಷೌರದಂಗಡಿಯ ಬಾಗಿಲು ತಳ್ಳಿದರೆ, ಗಲ್ಲಕ್ಕೆ ನೊರೆ ಹಚ್ಚಿಸಿಕೊಂಡವನೂ ಕನ್ನಡಿಯಲ್ಲೇ ಅವನನ್ನು ಕಂಡು ಬಾಯಿ ಮುಚ್ಚುತ್ತಿದ್ದ. ಕ್ಷೌರಿಕ ಗಂಟಲು ಸರಿಮಾಡಿಕೊಂಡು, “ಮೋಡ ಕಟ್ಟಿದ ಹಾಗಿದೆ, ಅಲ್ವಾ?” ಎನ್ನುತ್ತಿದ್ದ. ಅವನೆದುರಿಗೆ ಆಡಿದಷ್ಟು ಮೋಡದ ಮಾತು, ಬಿಸಿಲಿನ ಮಾತು ಆ ಊರಿನಲ್ಲಿ ಬೇರೆ ಯಾರೆದುರಿಗೂ ನಡೆಯಲಿಲ್ಲ. “ನನಗೆ ಗೊತ್ತಿರೋ ಏಕೈಕ ಶಾಸ್ತ್ರ ಹವಾಮಾನ ಶಾಸ್ತ್ರ” ಎಂದು ಅವನೇ ಹೇಳಿಕೊಂಡು ನಗುತ್ತಿದ್ದ. ನಕ್ಕಾಗ ಮುಖ ಮಾತ್ರ ನಗುತ್ತಿತ್ತು, ಕೈಗಳು ಒಂದನ್ನೊಂದು ಗಟ್ಟಿಯಾಗಿ ಹಿಡಿದುಕೊಂಡಿರುತ್ತಿದ್ದವು.

ಅವನಿಗೆ ಇದ್ದ ಒಬ್ಬ ಗೆಳೆಯ ನಿವೃತ್ತ ಭಾಷಾ ಮೇಷ್ಟ್ರು. ಕನ್ನಡಕದ ಕಾಲು ಮುರಿದು ಬಂದವರು, ದುರಸ್ತಿಯಾಗುವವರೆಗೆ ಪರದೆಯ ಹಿಂದೆ ಸ್ಟೂಲಿನ ಮೇಲೆ ಕೂತರು. ಆ ಸ್ಟೂಲು ಆಮೇಲೆ ಅವರದೇ ಆಯಿತು. ಬೇರೆ ಊರಿನಿಂದ ಬಂದವರಾದ್ದರಿಂದ ಅವನೆದುರು ಬಾಯಿ ಮುಚ್ಚಬೇಕೆಂದು ಅವರಿಗೆ ಮೊದಲು ಗೊತ್ತಿರಲಿಲ್ಲ. ಗೊತ್ತಾಗುವ ಹೊತ್ತಿಗೆ ಹರಟೆಯ ಚಟ ಹತ್ತಿತ್ತು. ಮನೆತನದ ದೊಡ್ಡವರ ಕಥೆಗಳನ್ನು ಅವನು ಚಕ್ರ ತಿರುಗಿಸುತ್ತಲೇ ಅವರಿಗೆ ಹೇಳುತ್ತಿದ್ದ. ಅಮ್ಮನ ಪ್ರಕಾರ ಮುತ್ತಜ್ಜ ರಾಜನ ಕತ್ತಿಗೆ ಒರೆ ಹೊಲಿಯುತ್ತಿದ್ದವರು. ದೊಡ್ಡಪ್ಪನಿಗೆ ಈ ಹೊಲಿಗೆಯ ಮಾತು ಕೇಳಿದರೇ ಉರಿ. ಚಿನ್ನವನ್ನು ಒರೆಗಲ್ಲಿಗೆ ತಿಕ್ಕಿ ನೋಡುವ ಮನೆತನ ನಮ್ಮದು, ನಮ್ಮವರೊಬ್ಬರು ರಾಣಿಯ ಕಂಠೀಹಾರ ಹಿತ್ತಾಳೆ ಎಂದು ತುಂಬಿದ ಸಭೆಯಲ್ಲಿ ಹೇಳಿ ಉಟ್ಟ ಬಟ್ಟೆಯಲ್ಲಿ ಊರು ಬಿಟ್ಟರು ಎನ್ನುತ್ತಿದ್ದರು. ಇತ್ತೀಚೆಗೆ ಹೆಸರು ಮಾಡಿದವನು ಚಿಕ್ಕಪ್ಪ. ಸೈಕಲ್ ಪಂದ್ಯದಲ್ಲಿ ಎಲ್ಲರನ್ನೂ ಹಿಂದೆ ಹಾಕಿ, ಕೊನೆಯ ತಿರುವಿನಲ್ಲಿ ಎಡಕ್ಕೆ ಹೋಗುವ ಬದಲು ಬಲಕ್ಕೆ ಹೋಗಿ, ಪಕ್ಕದ ಊರು ತಲುಪಿದವನು. ಗೆದ್ದವನ ಫೋಟೋ ಮರುದಿನದ ಪತ್ರಿಕೆಯಲ್ಲಿ ಚಿಕ್ಕದಾಗಿ ಬಂತು, ಚಿಕ್ಕಪ್ಪನದು ದೊಡ್ಡದಾಗಿ.

“ಊರಿಗೆ ಇವರು ಯಾರೂ ನೆನಪಿಲ್ಲ ಮೇಷ್ಟ್ರೇ. ನಮ್ಮಪ್ಪ ಒಬ್ಬರೇ ನೆನಪು.”

ಒಂದು ದಿನ ಮೇಷ್ಟ್ರು ದಪ್ಪ ನಿಘಂಟೊಂದನ್ನು ಹೊತ್ತು ತಂದರು. ‘ಒರೆ’ ಎಂಬಲ್ಲಿ ಬೆರಳಿಟ್ಟು ಓದಿದರು: ಉಜ್ಜು, ತಿಕ್ಕಿ ನೋಡು, ಕತ್ತಿಯ ಚೀಲ. ಆಮೇಲೆ ಕನ್ನಡಕ ಮೇಲೇರಿಸಿ, “ಇಲ್ಲಿ ಕೇಳು. ಹೇಳು, ನುಡಿ, ತಿಳಿಸು. ಹಳೇ ಕಾವ್ಯಗಳಲ್ಲಿ ಹೆಜ್ಜೆಹೆಜ್ಜೆಗೂ ಬರುತ್ತೆ ಕಣಯ್ಯಾ. ಕವಿಗಳೆಲ್ಲ ಒರೆದವರೇ!”

ಚಕ್ರ ನಿಂತಿತು. “ಅಂದ್ರೆ, ನಮ್ಮಪ್ಪನಿಗಿಂತ ಮೊದಲೇ ಇತ್ತಾ ಈ ಅರ್ಥ?”

“ನಿಮ್ಮಪ್ಪ ಯಾವ ಲೆಕ್ಕ? ಸಾವಿರ ವರ್ಷದ್ದು.”

ಮೇಷ್ಟ್ರು ತಂದದ್ದು ಒಂದು ಪದದ ಸಂತೋಷ. ಅವನು ಅದನ್ನು ಒಯ್ದದ್ದು ಬೇರೆಲ್ಲಿಗೋ. ಆ ಮಾತು ಅಪ್ಪನಿಂದ ಹುಟ್ಟಿದ್ದಲ್ಲ ಎಂದಾದರೆ, ಅದು ಮೊದಲೇ ಹೆಸರಿನೊಳಗೆ ಕೂತಿತ್ತು ಎಂದಾದರೆ, ಊರಿನವರು ಹೆಸರು ಹಿಡಿದು ಅಪ್ಪನ ಮೇಲೆ ಹೊರಿಸಿರಬೇಕು! ಯಾರೋ ಮುದುಕನಿಗೆ ಹಳೇ ಅರ್ಥ ಗೊತ್ತಿದ್ದಿರಬೇಕು, ‘ಒರೆ ಅಲ್ವೇ, ಒರೆದೇ ಇರ್ತಾನೆ’ ಎಂದು ಅಂದಿರಬೇಕು, ಅದೇ ಊರೆಲ್ಲ ಹಬ್ಬಿರಬೇಕು. ಮೇಷ್ಟ್ರು, “ಹಾಗೂ ಇರಬಹುದು, ಹಾಗಲ್ಲದೆಯೂ ಇರಬಹುದು” ಎಂದರು. ಅವನಿಗೆ ಮೊದಲಿನ ಅರ್ಧ ಮಾತ್ರ ಕೇಳಿಸಿತು. ಅಂದಿನಿಂದ ಕ್ಷೌರದಂಗಡಿಗೆ ಅವನು ತಲೆ ಎತ್ತಿಕೊಂಡು ಹೋದ. ಹೆಸರಿನದೇ ತಪ್ಪು, ಅಪ್ಪನದಲ್ಲ ಎಂಬ ಒಂದು ನೆಲೆಯ ಮೇಲೆ ಅವನ ವಯಸ್ಸಾದ ದಿನಗಳು ನಿಂತವು.

ಆ ನೆಲೆ ಅಲುಗಾಡಿದ್ದು ಮೊಮ್ಮಗಳನ್ನು ಶಾಲೆಗೆ ಸೇರಿಸುವ ಮಾತು ಬಂದಾಗ. ಮಗಳು ಆಸ್ಪತ್ರೆಯೊಂದರ ರಕ್ತಪರೀಕ್ಷೆಯ ಕೋಣೆಯಲ್ಲಿ ಕೆಲಸಕ್ಕಿದ್ದಳು. ಗಂಡನಿಂದ ಬೇರೆಯಾಗಿದ್ದಳು, ಅವನ ಮನೆತನದ ಹೆಸರು ಮಗುವಿಗೆ ಬೇಡವೆಂದು ಎಂದೋ ತೀರ್ಮಾನಿಸಿದ್ದಳು. ಉಳಿದದ್ದು ಒರೆ. ದೊಡ್ಡಪ್ಪನಿಗೆ ಮಕ್ಕಳಿರಲಿಲ್ಲ, ಚಿಕ್ಕಪ್ಪ ಮದುವೆಯೇ ಆಗಲಿಲ್ಲ. ಆ ಹೆಸರು ಮುಂದಕ್ಕೆ ಹೋಗುವುದಿದ್ದರೆ ಆ ಪುಟ್ಟ ಹುಡುಗಿಯ ಜೊತೆ ಹೋಗಬೇಕಿತ್ತು.

“ಅವಳಿಗೆ ನಮ್ಮ ಹೆಸರು ಇರಲಿ ಕಣಮ್ಮಾ” ಎಂದ ಅವನು. ಮಗಳ ಹತ್ತಿರ ಅವನು ಏನನ್ನೂ ಕೇಳುವವನಲ್ಲ.

“ಅಪ್ಪಾ, ನಾನು ಆ ಹೆಸರು ಹೊತ್ಕೊಂಡು ಶಾಲೆಗೆ ಹೋದೋಳು. ಹುಡುಗಿಯರು ಗುಟ್ಟು ಹೇಳ್ಕೊಳ್ಳುವಾಗ ನನ್ನ ಕಂಡ್ರೆ ಎದ್ದು ಹೋಗ್ತಿದ್ರು. ಒಂದೇ ಒಂದು ಗುಟ್ಟು ಯಾರೂ ನನಗೆ ಹೇಳ್ಲಿಲ್ಲ.”

“ಅದು ಹೆಸರಿನಿಂದ ಬಂದ ಅಪವಾದ ಅಷ್ಟೇ. ನಿಘಂಟಿನಲ್ಲೇ ಇದೆ.”

“ನಿಘಂಟನ್ನ ಕೇಳಿದ್ದು ಆಯ್ತು. ಮನುಷ್ಯರನ್ನ ಯಾರನ್ನಾದ್ರೂ ಕೇಳಿದ್ಯಾ?”

ಅವನು ಅಂಗಿಯ ತುದಿಯಿಂದ ಬೆರಳು ಒರೆಸಿಕೊಳ್ಳತೊಡಗಿದ.

“ತಾತ ಹೇಳ್ಲಿಲ್ಲ ಅಂತ ವಿಚಾರಿಸಿಕೊಂಡು ಬಾ. ನೀನು ಬಂದು ಇಲ್ಲ ಅಂದ್ರೆ ಸಾಕು, ನಾನು ಬೇರೆ ಏನೂ ಕೇಳಲ್ಲ. ಆಗ ಕೊಡ್ತೀನಿ, ಖುಷಿಯಿಂದ ಕೊಡ್ತೀನಿ. ಸೋಮವಾರ ಸೇರಿಸ್ತಾರೆ.”

ಕೇಳಬೇಕಾದವರು ಒಬ್ಬರೇ ಉಳಿದಿದ್ದರು. ಅಂದು ಜೈಲಿಗೆ ಹೋದವರಲ್ಲಿ ಬದುಕಿದ್ದವರು ಒಬ್ಬರೇ, ಮಗ್ಗದಜ್ಜ. ಅವರು ಎಂದೂ ಈ ಅಂಗಡಿಯ ಮೆಟ್ಟಿಲು ಹತ್ತಿದವರಲ್ಲ. ಬೇಕೆಂದೇ ಸುತ್ತು ಬಳಸಿ ಇನ್ನೊಂದು ಅಂಗಡಿಗೆ ಹೋಗುತ್ತಿದ್ದರು. ಅದು ಮುಚ್ಚಿಹೋಗಿತ್ತು. ಕಣ್ಣಿನ ಪೊರೆ ತೆಗೆಸಿಕೊಂಡ ಅಜ್ಜನನ್ನು ಆ ವಾರವೇ ಸೊಸೆ ಕೈ ಹಿಡಿದು ಕರೆತಂದಳು. ಯಜಮಾನರು ಊಟಕ್ಕೆ ಹೋಗಿದ್ದರಿಂದ ಪರದೆ ಸರಿಸಿಕೊಂಡು ಅವನೇ ಬರಬೇಕಾಯಿತು.

“ಇದ್ಯಾವ ಅಂಗಡಿಗೆ ತಂದ್ಯೇ?”

“ಇದೊಂದೇ ಉಳಿದಿರೋದು ಮಾವ. ಸುಮ್ನೆ ಕೂತ್ಕೊಳ್ಳಿ.”

ಎರಡು ಕಣ್ಣುಗಳ ನಡುವಿನ ಅಂತರ ಅಳೆಯಲು ಮುಖದ ಹತ್ತಿರ ಮುಖ ತರಬೇಕು, ಮೂಗಿನ ಮೇಲೆ ಅಳತೆಪಟ್ಟಿ ಹಿಡಿಯಬೇಕು. ಅಜ್ಜನ ಉಸಿರು ಅವನ ಗಲ್ಲಕ್ಕೆ ತಾಕುತ್ತಿತ್ತು. ಪಟ್ಟಿ ಜಾರಿತು.

“ಅಜ್ಜಾ, ನಾನು ಒರೆ.”

“ಕಣ್ಣು ಹೋಗಿದೆ, ಕಿವಿ ಹೋಗಿಲ್ಲ. ನಿಮ್ಮಪ್ಪಂದೇ ಗಂಟಲು.”

“ಒಂದು ಮಾತು ಕೇಳ್ಬೇಕಿತ್ತು.”

“ಕೇಳೋಕೆ ಇಷ್ಟು ವರ್ಷ ಬೇಕಾಯ್ತಾ?”

ಅವನು ಮಗಳ ಮಾತನ್ನೂ ಮೊಮ್ಮಗಳ ಶಾಲೆಯನ್ನೂ ತಡವರಿಸುತ್ತ ಹೇಳಿದ. “ಅವತ್ತು ಹೆಸರು ಕೊಟ್ಟಿದ್ದು ನಮ್ಮಪ್ಪಾನಾ?”

ಅಜ್ಜ ಅವನ ಕೈಯನ್ನು ಮುಖದಿಂದ ಆಚೆ ಸರಿಸಿದರು. “ಮೊದಲು ನನಗೆ ಕಣ್ಣು ಕೊಡು. ಎದುರಿಗಿರೋನ ಮುಖ ಕಾಣದೆ ಅಂಥ ಮಾತು ಆಡಿದ್ರೆ ಅದೂ ಒರೆದ ಹಾಗೇ.”

“ಏನು ಮಾವ ಅದು?” ಎಂದಳು ಸೊಸೆ.

“ನಮ್ಮ ಕಾಲದ್ದು. ನೀನು ಫ್ರೇಮು ನೋಡು. ಸಿನಿಮಾದವರ ಥರದ್ದು ಬೇಡ ಮತ್ತೆ.”

ಆ ಗಾಜುಗಳನ್ನು ಉಜ್ಜುವಾಗ ಅವನು ಒಂದನ್ನು ಒಡೆದ. ಅವನ ಕೈಯಲ್ಲಿ ಗಾಜು ಒಡೆದದ್ದನ್ನು ಯಜಮಾನರು ನೋಡಿಯೇ ಇರಲಿಲ್ಲ, “ಜ್ವರವೇನೋ?” ಎಂದು ಹಣೆ ಮುಟ್ಟಿ ನೋಡಿದರು.

ಭಾನುವಾರ ಅವನೇ ಕನ್ನಡಕ ತೆಗೆದುಕೊಂಡು ಹೋದ. ಅಜ್ಜ ಇದ್ದದ್ದು ಟೈರು ರಿಪೇರಿ ಅಂಗಡಿಯ ಮೇಲಿನ ಕೋಣೆ. ರಬ್ಬರಿನ ವಾಸನೆ ನೆಲದಿಂದಲೇ ಏರುತ್ತಿತ್ತು. ಕಿಟಕಿಯ ಪಕ್ಕ ಮಂಚ, ಮಂಚದ ಪಕ್ಕ ಕುರ್ಚಿ. ಅವನು ಕನ್ನಡಕ ಏರಿಸಿ, ಕಿವಿಯ ಹಿಂದಿನ ಕಡ್ಡಿಯನ್ನು ಅಂಗೈಯಲ್ಲಿ ತಿಕ್ಕಿ ಬಿಸಿಮಾಡಿ, ಸ್ವಲ್ಪ ಬಗ್ಗಿಸಿ ಕೂರಿಸಿದ. ಅಜ್ಜ ಮೊದಲು ತಮ್ಮ ಕೈ ನೋಡಿಕೊಂಡರು, ಗೋಡೆ ನೋಡಿದರು, ಆಮೇಲೆ ಅವನನ್ನು.

“ಮೂಗು ನಿಮ್ಮಮ್ಮಂದು. ಮಿಕ್ಕಿದ್ದೆಲ್ಲ ಅವನೇ.”

ಅವನು ಖಾಲಿ ಡಬ್ಬಿ ಮುಚ್ಚಿ ಮಂಚದ ಮೇಲಿಟ್ಟ.

“ಹೇಳಿದ್ದು ಅವನೇ ಕಣಪ್ಪಾ.”

“ನಿಮಗೆ ಯಾರು ಹೇಳಿದ್ರು?”

“ಅವನೇ ಹೇಳ್ದ. ನಾನು ಹೊರಗೆ ಬಂದ ವಾರದಲ್ಲೇ ಮನೆಗೆ ಬಂದ. ನಾನು ಒಳಗೆ ಕರೀಲಿಲ್ಲ, ಅವನೂ ಬರಲಿಲ್ಲ. ಹೊಸ್ತಿಲ ಆಚೆ ನಿಂತು, ‘ಹೆಸರು ಹೇಳಿದ್ದು ನಾನು’ ಅಂದ. ಯಾಕೋ ಅಂದೆ. ‘ಕೇಳಿದ್ರು, ಹೇಳ್ದೆ’ ಅಂದ. ಹೆಂಡ್ತಿ ಮಕ್ಕಳು ಅಂತ ಏನಾದ್ರೂ ರಾಗ ಎಳೆದಿದ್ರೆ ಅಲ್ಲೇ ಕಪಾಳಕ್ಕೆ ಬಾರಿಸ್ತಿದ್ದೆ. ಎಳೀಲಿಲ್ಲ. ಹೊಡೆಯೋಕೂ ಒಂದು ದಾರಿ ಬಿಡ್ಲಿಲ್ಲ ಪುಣ್ಯಾತ್ಮ.”

“ನೀವೇನು ಮಾಡಿದ್ರಿ?”

“ಬಾಗಿಲು ಹಾಕ್ಕೊಂಡೆ. ಇನ್ನೇನು ಮಾಡ್ಲಿ? ಒಳಗೆ ಸತ್ತವನು ನನ್ನ ಪಕ್ಕದ ಮಗ್ಗದವನು.”

ಅವನು ಕುರ್ಚಿ ಎಳೆದುಕೊಂಡು ಕೂತ. “ಹೆಸರಿನ ಅರ್ಥ ಹಿಡ್ಕೊಂಡು ಜನ ಅವರ ಮೇಲೆ ಹಾಕಿದ್ರು ಅಂದ್ಕೊಂಡಿದ್ದೆ ನಾನು.”

ಅಜ್ಜ ನಕ್ಕರು, ನಗು ಕೆಮ್ಮಾಯಿತು. “ಅಯ್ಯೋ ಮರುಳೇ! ಪೊಲೀಸ್ರೇನು ಅರ್ಥ ನೋಡ್ಕೊಂಡು ನಮ್ಮ ಮನೆ ಬಾಗಿಲು ತಟ್ಟಿದ್ರಾ?” ಕೆಮ್ಮು ನಿಂತ ಮೇಲೆ ದನಿ ತಗ್ಗಿಸಿದರು. “ನೋಡು, ಅವತ್ತಿನವರಲ್ಲಿ ಉಳಿದೋನು ನಾನೊಬ್ಬ. ಅವನು ಬಂದು ಹೇಳಿದ್ದನ್ನ ನಾನು ಯಾರಿಗೂ ಹೇಳಿಲ್ಲ, ಹೇಳೋದೂ ಇಲ್ಲ. ನಿನ್ನ ಮಗಳಿಗೆ ನೀನು ಅಲ್ಲ ಅಂದ್ರೆ ನನ್ನ ಕಡೆಯಿಂದ ಅಡ್ಡಿ ಇಲ್ಲ. ಪಾಪ, ಆ ಮಗು ಏನು ಮಾಡಿದೆ? ಕನ್ನಡಕ ಚೆನ್ನಾಗಿ ಕೂತಿದೆ, ಹೋಗು.”

ಸಂಜೆ ಅವನು ಮೇಷ್ಟ್ರ ಮನೆಗೆ ಹೋದ. ಕೊಟ್ಟ ಚಹಾ ಮುಟ್ಟಲಿಲ್ಲ. ನಡೆದದ್ದನ್ನೆಲ್ಲ ಒಂದೂ ಬಿಡದೆ ಹೇಳಿ, ಕೊನೆಗೆ ಲೋಟದ ಅಂಚನ್ನು ಬೆರಳಿನಿಂದ ಸವರುತ್ತ ಕೂತ.

ಮೇಷ್ಟ್ರು ಹಿಂದೆಮುಂದೆ ನೋಡಲಿಲ್ಲ. “ಅಲ್ಲ ಅಂದ್ಬಿಡು. ಅಜ್ಜನೇ ಬಿಟ್ಟುಕೊಟ್ಟ ಮೇಲೆ ಇನ್ನು ಯಾರಿಗೆ ನಷ್ಟ?”

“ಶಾಲೇಲಿ ಇದನ್ನೇ ಪಾಠ ಮಾಡಿದ್ರಾ ಮೇಷ್ಟ್ರೇ?”

“ಪಾಠ ಬೇರೆ, ಮೊಮ್ಮಗಳು ಬೇರೆ. ನಿನಗೆ ಆ ಹೆಸರು ಉಳೀಬೇಕೋ ಬೇಡ್ವೋ?”

“ಬೇಕು.” ಅವನು ಲೋಟ ಪಕ್ಕಕ್ಕೆ ಸರಿಸಿದ. “ನಮ್ಮನೇಲಿ ಎಲ್ಲರದ್ದೂ ಮುಗೀತು. ಉಳಿದಿರೋದು ಅದೊಂದೇ. ಯಾರೋ ಒಬ್ಬ ಹುಡುಗಿ ನಾಳೆ ದೊಡ್ಡೋಳಾಗಿ, ಒಳ್ಳೆಯದೇನೋ ಮಾಡಿ, ಈ ಹೆಸರಿಗೆ ಐದನೇ ಅರ್ಥ ಬರಲಿ ಅಂತ ಆಸೆ.”

“ಮತ್ತೆ?”

“ಅವರು ಹೋಗಿ ಹೇಳಿದ್ರಂತಲ್ಲ ಮೇಷ್ಟ್ರೇ. ಆ ಮನೆ ಬಾಗಿಲಿಗೆ ಹೋಗಿ ನಿಂತು. ನಮ್ಮಮ್ಮನಿಗೂ ಹೇಳದೆ. ನಾನು ಅಲ್ಲ ಅಂದ್ರೆ, ಅವರು ಅಲ್ಲಿ ಹೋಗಿ ನಿಂತಿದ್ದೂ ಇಲ್ಲ ಅಂದ ಹಾಗಾಗುತ್ತೆ.”

ಆಗಲೂ ಅವನು ಇನ್ನೂ ನಿರ್ಧಾರ ಮಾಡಿರಲಿಲ್ಲ. ಹೊರಡುವಾಗ ಚಪ್ಪಲಿಯಲ್ಲಿ ಕಾಲು ತೂರಿಸುತ್ತ, “ಬೆಳಿಗ್ಗೆ ಅವಳ ಮುಖ ನೋಡಿದ್ರೆ ಏನು ಬಾಯಿಗೆ ಬರುತ್ತೋ ನೋಡೋಣ” ಎಂದ.

ಸೋಮವಾರ ಮಗಳ ಮನೆಯ ಬಾಗಿಲು ತೆರೆದೇ ಇತ್ತು. ಅವಳು ಮಗುವನ್ನು ಮೊಣಕಾಲ ನಡುವೆ ನಿಲ್ಲಿಸಿಕೊಂಡು ತಲೆ ಬಾಚುತ್ತಿದ್ದಳು. ಬಾಯಲ್ಲಿ ಕೂದಲ ಪಿನ್ನು ಕಚ್ಚಿಕೊಂಡಿದ್ದಳು. ತಂದೆಯನ್ನು ಕಂಡು ಪಿನ್ನು ತೆಗೆದು, ಕಣ್ಣಲ್ಲೇ ಕೇಳಿದಳು.

“ತಾತ ನೋಡು, ಹೊಸ ಚೀಲ!” ಎಂದಿತು ಮಗು.

“ನೋಡ್ದೆ ಪುಟ್ಟಾ. ನನ್ನನ್ನೂ ಅದರೊಳಗೆ ಹಾಕ್ಕೊಂಡು ಹೋಗು.”

“ನೀನು ಹಿಡಿಯಲ್ಲ.”

ಮಗಳು ಮಗುವಿನ ಕೈಗೆ ನೀರಿನ ಬಾಟಲಿ ಕೊಟ್ಟು ತುಂಬಿಸಿಕೊಂಡು ಬಾ ಎಂದು ಒಳಗೆ ಕಳಿಸಿದಳು. “ಕೇಳಿದ್ಯಾ ಅಪ್ಪಾ?”

“ಕೇಳ್ದೆ.”

“ಏನಂದ್ರು?”

“ಹೇಳಿದ್ದು ನಿಮ್ಮ ತಾತಾನೇ ಅಂದ್ರು.”

ಬಾಚಣಿಗೆ ಅವಳ ಕೈಯಲ್ಲೇ ನಿಂತಿತು. ಅಪ್ಪ ಮಗ್ಗದಜ್ಜನ ಮನೆಯ ಹೊಸ್ತಿಲಿಗೆ ಹೋದದ್ದನ್ನೂ ಅವನು ಹೇಳಿದ; ಮೆಲ್ಲಗೆ, ಎಲ್ಲಿಯೂ ಒತ್ತು ಹಾಕದೆ. ಒಳಗೆ ನಲ್ಲಿಯ ನೀರು ಬಾಟಲಿ ತುಂಬಿ ಹೊರಗೆ ಚೆಲ್ಲುವ ಸದ್ದು ಕೇಳುತ್ತಿತ್ತು.

“ನನಗೆ ಗೊತ್ತಾಗ್ತಾನೇ ಇರಲಿಲ್ಲ. ನೀನು ಇಲ್ಲ ಅಂದಿದ್ರೆ ನಂಬ್ತಿದ್ದೆ.”

“ಗೊತ್ತು.”

ಅವಳು ಕಣ್ಣೊರೆಸಿಕೊಂಡಳು. “ನಾನು ಕೊಡಲ್ಲ ಅಪ್ಪಾ. ಈ ಭಾರ ಅವಳ ಬೆನ್ನಿಗೆ ನನ್ನ ಕೈಯಾರೆ ಕಟ್ಟೋಕಾಗಲ್ಲ. ನನ್ನ ಸ್ವಂತ ಹೆಸರನ್ನೇ ಅವಳ ಹೆಸರಿನ ಮುಂದೆ ಬರೆಸ್ತೀನಿ.”

“ಹೂಂ. ಹಾಗೇ ಮಾಡು.”

“ಬೇಜಾರಾಯ್ತಾ?”

“ಆಯ್ತು” ಎಂದ ಅವನು. “ಆದ್ರೂ ಹಾಗೇ ಮಾಡು. ನಾನು ಕೆಳಗಿರ್ತೀನಿ, ನೀವು ಬನ್ನಿ.”

ಮೆಟ್ಟಿಲು ಇಕ್ಕಟ್ಟಿನದು, ಒಬ್ಬರು ಇಳಿಯುವಾಗ ಇನ್ನೊಬ್ಬರು ಹತ್ತಲಾಗದಂಥದು. ಒಂದು ತಿರುವು ಇಳಿದ ಮೇಲೆ ಎದೆಯಲ್ಲಿ ಏನೋ ಹಿಡಿದಂತಾಗಿ ಅವನು ಕೂತುಬಿಟ್ಟ. ಮೇಲೆ ಬಾಗಿಲಿಗೆ ಬೀಗ ಹಾಕುವ ಸದ್ದಾಯಿತು. ಮಗು ಚೀಲವನ್ನು ಕಂಬಿಗೆ ತಾಕಿಸಿ ಟಣಟಣ ಸದ್ದು ಮಾಡುತ್ತ ಇಳಿಯಿತು, ಹಿಂದೆ ಮಗಳು.

“ಅಪ್ಪಾ, ಇದೇನು ಇಲ್ಲಿ ಕೂತೆ? ಮುಖ ಯಾಕೆ ಹೀಗಿದೆ?”

“ಏನಿಲ್ಲಮ್ಮಾ, ಸುಧಾರಿಸ್ಕೊಳ್ತಿದೀನಿ. ನೀವು ನಡೀರಿ, ಗಂಟೆ ಹೊಡೆದ್ರೆ ಗೇಟು ಹಾಕ್ಬಿಡ್ತಾರೆ.”

ಕಂಬಿ ಹಿಡಿದು ಅವನು ಗೋಡೆಯ ಕಡೆಗೆ ಸರಿದ, ಮೊಣಕಾಲುಗಳನ್ನು ಒಳಕ್ಕೆ ಎಳೆದುಕೊಂಡ, ತಾಯಿ ಮಗಳಿಬ್ಬರಿಗೂ ದಾರಿ ಬಿಟ್ಟ.